ಕ್ಯಾನ್ವಾಸ್ ಡೇರೆ ಕೊಳ್ಳುವ ಮುನ್ನ: ಕರಾವಳಿ, ಘಟ್ಟದ ಹವೆಗೆ ಯಾವುದು ಬಾಳುತ್ತದೆ?

ದೀಪಾವಳಿ ಹತ್ತಿರ ಬಂದು ಮಳೆ ಹಿಂದೆ ಸರಿಯುತ್ತಿದ್ದಂತೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ತಲೆಯ ಮೇಲೆ ಮೂಟೆ ಕಟ್ಟಿಕೊಂಡ ಕಾರುಗಳು ಕಾಣಿಸಿಕೊಳ್ಳುತ್ತವೆ. ಮೊದಲೆಲ್ಲ ಅವು ಬೆಂಗಳೂರು, ಪುಣೆ ಕಡೆಯವು. ಈಗ ಶಿರಸಿ, ಕುಮಟಾ, ಕಾರವಾರದ ಮನೆಯವರೂ ಮಕ್ಕಳಿಗೆ ರಜೆ ಸಿಕ್ಕಿತೆಂದರೆ ಕಾರು ಹತ್ತಿ, ಇವತ್ತು ಇಲ್ಲಿ, ನಾಳೆ ಅಲ್ಲಿ ಎಂದು ಡೇರೆ ಹಾಕಿ ಮಲಗುವ ಪ್ರವಾಸಕ್ಕೆ ಹೊರಡುತ್ತಿದ್ದಾರೆ. ಹಾಗಾಗಿ ಊರಿನ ವಾಟ್ಸಾಪ್ ಗುಂಪುಗಳಲ್ಲಿ ಹೊಸ ಪ್ರಶ್ನೆ ಶುರುವಾಗಿದೆ. ಯಾವ ಟೆಂಟ್ ತಗೊಳ್ಳೋದು? ಕಡಿಮೆ ಬೆಲೆಗೆ ಸಿಗುವ ನೈಲಾನ್ ಗುಮ್ಮಟವೋ, ಅದರ ಹಲವು ಪಟ್ಟು ದುಡ್ಡು ಕೇಳುವ ಕ್ಯಾನ್ವಾಸೋ?

ಡೇರೆ ನಮ್ಮವರಿಗೆ ಹೊಸದೇನಲ್ಲ. ಯಕ್ಷಗಾನದ ಡೇರೆ ಮೇಳಗಳು ರಾತ್ರಿ ಆಟ ಮುಗಿಸಿ, ಬೆಳಗಾಗುವಷ್ಟರಲ್ಲಿ ಡೇರೆ ಬಿಚ್ಚಿ ಲಾರಿಗೆ ಹೇರಿ ಮುಂದಿನ ಊರಿಗೆ ಹೊರಟಿರುತ್ತಿದ್ದವು. ಆದರೆ ಮೇಳದವರು ಮಳೆಗಾಲ ಹಿಡಿಯುವ ಮೊದಲೇ ತಿರುಗಾಟ ಮುಗಿಸುತ್ತಾರೆ ಎಂಬುದನ್ನೂ ನೆನಪಿಡಬೇಕು. ಡೇರೆ ಮಾರುವವರು ಎರಡು ಮಾತು ತಪ್ಪದೆ ಹೇಳುತ್ತಾರೆ: ನೀರು ಒಳಗೆ ಬರುವುದಿಲ್ಲ, ಕೆಲವೇ ನಿಮಿಷದಲ್ಲಿ ನಿಲ್ಲುತ್ತದೆ. ಉತ್ತರ ಕನ್ನಡದಲ್ಲಿ ಕೊಳ್ಳುವವರು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ. ನೆನೆದ ಮೇಲೆ ಎಷ್ಟು ಬೇಗ ಒಣಗುತ್ತದೆ, ಒಣಗಿಸಲು ನಿಮ್ಮಲ್ಲಿ ಜಾಗ ಎಲ್ಲಿದೆ? ಈ ಲೇಖನದ ಬಹುಪಾಲು ಆ ಪ್ರಶ್ನೆಯ ಸುತ್ತಲೇ ಇದೆ.

ಕ್ಯಾನ್ವಾಸ್ ಎಂದರೆ ಯಾವ ಬಟ್ಟೆ

ದಪ್ಪ ನೂಲಿನಿಂದ ಒತ್ತಾಗಿ ನೇಯ್ದ ಗಟ್ಟಿ ಬಟ್ಟೆಯೇ ಕ್ಯಾನ್ವಾಸ್. ಹಿಂದೆ ಅದು ಪೂರ್ತಿ ಹತ್ತಿಯದಾಗಿರುತ್ತಿತ್ತು. ಈಗ ಪ್ರವಾಸದ ಡೇರೆಗಳಲ್ಲಿ ಹೆಚ್ಚು ಕಾಣುವುದು ಹತ್ತಿಗೆ ಪಾಲಿಯೆಸ್ಟರ್ ಬೆರೆಸಿದ ಪಾಲಿಕಾಟನ್. ಹತ್ತಿಯಿಂದಾಗಿ ಗಾಳಿ ಆಡುತ್ತದೆ, ಒಳಗೆ ಸೆಕೆ ಕಡಿಮೆ. ಪಾಲಿಯೆಸ್ಟರ್‌ನಿಂದಾಗಿ ಬಟ್ಟೆ ಬೇಗ ಹರಿಯುವುದಿಲ್ಲ, ನೆನೆದಾಗ ಅಷ್ಟಾಗಿ ಕುಗ್ಗುವುದಿಲ್ಲ, ತುಸು ಬೇಗ ಒಣಗುತ್ತದೆ.

ದಪ್ಪವನ್ನು ಜಿಎಸ್‌ಎಂ ಎಂಬ ಲೆಕ್ಕದಲ್ಲಿ ಹೇಳುತ್ತಾರೆ. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ತುಂಡು ಎಷ್ಟು ಗ್ರಾಂ ತೂಗುತ್ತದೆ ಎಂಬುದೇ ಅದು. ನಾವು ತೊಡುವ ಅಂಗಿಯ ಬಟ್ಟೆ 100ರಿಂದ 150 ಜಿಎಸ್‌ಎಂ ಇದ್ದರೆ, ಡೇರೆಯ ಕ್ಯಾನ್ವಾಸ್ ಸಾಮಾನ್ಯವಾಗಿ 280ರಿಂದ 400ರ ನಡುವೆ ಇರುತ್ತದೆ. ಅಮೆರಿಕದ ಸರಕಿನ ಮೇಲೆ ಜಿಎಸ್‌ಎಂ ಬದಲು ಔನ್ಸ್ ಎಂದು ಬರೆದಿರುತ್ತದೆ. ಒಂದು ಔನ್ಸ್‌ಗೆ ಸುಮಾರು 34 ಜಿಎಸ್‌ಎಂ ಹಿಡಿದರೆ 10 ಔನ್ಸ್ ಬಟ್ಟೆ 340 ಜಿಎಸ್‌ಎಂ ಆಯಿತು.

ದಪ್ಪ ಹೆಚ್ಚಿದಷ್ಟೂ ಒಳ್ಳೆಯದು ಎಂದು ತೋರುವುದು ಸಹಜ. ವರ್ಷದ ಹೆಚ್ಚಿನ ದಿನ ಬಿಸಿಲು ಕಾಯುವ ಬಯಲುಸೀಮೆಯಲ್ಲಿ ಅದು ನಿಜವೂ ಹೌದು. ಇಲ್ಲಿ 400 ಜಿಎಸ್‌ಎಂ ಬಟ್ಟೆ ಒಮ್ಮೆ ತೊಯ್ದರೆ ಮೋಡದ ದಿನ ಸಂಜೆಯಾದರೂ ಹೊಲಿಗೆಯ ಮಡಿಕೆ ಒಣಗಿರುವುದಿಲ್ಲ. ಕಾರವಾರ, ಹೊನ್ನಾವರದ ಹವೆಗೆ ಸುಮಾರು 300 ಜಿಎಸ್‌ಎಂನ ಪಾಲಿಕಾಟನ್ ಸಾಕು ಎನ್ನಲು ಕಾರಣ ಅದೇ. ಕೆಲವು ತಯಾರಕರು ಚಾವಣಿಗೆ ದಪ್ಪ, ಗೋಡೆಗೆ ತೆಳು ಬಟ್ಟೆ ಹಾಕುತ್ತಾರೆ. ಅದೂ ಜಾಣತನವೇ.

ರಿಪ್‌ಸ್ಟಾಪ್ ಎಂಬ ಪದವೂ ಕಿವಿಗೆ ಬೀಳುತ್ತದೆ. ಬಟ್ಟೆಯನ್ನು ಕಣ್ಣ ಹತ್ತಿರ ಹಿಡಿದರೆ ಸಣ್ಣ ಸಣ್ಣ ಚೌಕಗಳು ಕಾಣುತ್ತವೆ. ಚೌಕದ ಗೆರೆಗಳಲ್ಲಿ ದಪ್ಪ ನೂಲು ಕೂಡಿಸಿರುತ್ತಾರೆ. ಮುಳ್ಳು ತಾಗಿ ತೂತಾದರೆ ಹರಿದದ್ದು ಆ ಗೆರೆಯವರೆಗೆ ಬಂದು ನಿಲ್ಲುತ್ತದೆ, ಗೋಡೆಯುದ್ದಕ್ಕೂ ಸೀಳುವುದಿಲ್ಲ.

ಒಂದು ಎಚ್ಚರಿಕೆ. ಪೂರ್ತಿ ಪಾಲಿಯೆಸ್ಟರಿನ ಆಕ್ಸ್‌ಫರ್ಡ್ ಬಟ್ಟೆಯನ್ನೂ ‘ವಾಟರ್‌ಪ್ರೂಫ್ ಕ್ಯಾನ್ವಾಸ್’ ಎಂದು ಮಾರುವುದುಂಟು. ಚೀಟಿಯಲ್ಲಿ ಜಿಎಸ್‌ಎಂ ಇಲ್ಲದೆ 300ಡಿ, 600ಡಿ ಎಂದಷ್ಟೇ ಇದ್ದರೆ ಅನುಮಾನಪಡಿ. ಆ ‘ಡಿ’ ಎಂದರೆ ಡೆನಿಯರ್, ಅಂದರೆ 9,000 ಮೀಟರ್ ನೂಲಿನ ತೂಕ ಗ್ರಾಂಗಳಲ್ಲಿ. ಅದು ಕೃತಕ ನೂಲಿನ ಬಟ್ಟೆಗಳಿಗೆ ಬಳಸುವ ಅಳತೆ. ಬಟ್ಟೆ ಕೆಟ್ಟದ್ದೇನಲ್ಲ, ಆದರೆ ಕ್ಯಾನ್ವಾಸಿನ ಬೆಲೆ ಕೊಟ್ಟು ತರುವಂಥದ್ದಲ್ಲ.

ತೂತಿರುವ ಬಟ್ಟೆ ಮಳೆ ತಡೆಯುವುದು ಹೇಗೆ

ನೇಯ್ದ ಬಟ್ಟೆ ಎಂದ ಮೇಲೆ ನೂಲು ನೂಲಿನ ನಡುವೆ ಸಂದು ಇದ್ದೇ ಇರುತ್ತದೆ. ನೈಲಾನ್, ಪಾಲಿಯೆಸ್ಟರ್ ಡೇರೆಗಳಲ್ಲಿ ಆ ಸಂದಿಗೆ ಪಾಲಿಯುರೆಥೇನ್ ಎಂಬ ತೆಳು ಪ್ಲಾಸ್ಟಿಕ್ ಲೇಪ ಬಳಿದು ಮುಚ್ಚುತ್ತಾರೆ. ಎಷ್ಟು ಎತ್ತರದ ನೀರಿನ ಕಂಬವನ್ನು ಸೋರದೆ ತಡೆಯುತ್ತದೆ ಎಂಬುದನ್ನು ಹೈಡ್ರೋಸ್ಟ್ಯಾಟಿಕ್ ಹೆಡ್ ಎಂದು 1,500, 3,000 ಮಿಲಿಮೀಟರ್ ಲೆಕ್ಕದಲ್ಲಿ ಬರೆದಿರುತ್ತಾರೆ. ಈ ಅಂಕಿ ಲೇಪವಿರುವ ಬಟ್ಟೆಗೆ ಸರಿ. ಕ್ಯಾನ್ವಾಸಿನ ಕೆಲಸದ ರೀತಿಯೇ ಬೇರೆ, ಹಾಗಾಗಿ ಎರಡರ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಿ ಉಪಯೋಗವಿಲ್ಲ.

ಮಳೆಗಾಲದುದ್ದಕ್ಕೂ ದಡಕ್ಕೆಳೆದಿಟ್ಟ ಮರದ ದೋಣಿಯನ್ನು ಮತ್ತೆ ನೀರಿಗಿಳಿಸಿದಾಗ ಮೊದಲು ಹಲಗೆಯ ಸಂದಿನಿಂದ ನೀರು ಒಸರುತ್ತದೆ. ಮರ ನೀರು ಕುಡಿದು ಉಬ್ಬಿತೆಂದರೆ ಸಂದು ತಾನಾಗಿಯೇ ಕೂಡಿಕೊಂಡು ಒಸರುವುದು ನಿಲ್ಲುತ್ತದೆ. ಹತ್ತಿಯ ನೂಲಿನದೂ ಅದೇ ಕಥೆ. ನೀರು ತಾಗಿದೊಡನೆ ಎಳೆ ಉಬ್ಬಿ ಪಕ್ಕದ ಎಳೆಯನ್ನು ಒತ್ತುತ್ತದೆ, ಸಂದು ಮುಚ್ಚುತ್ತದೆ. ಇದರ ಜೊತೆಗೆ ನೀರು ಜಾರುವಂತೆ ಮೇಣ ಅಥವಾ ಬೇರೆ ರಾಸಾಯನಿಕದ ಲೇಪವನ್ನೂ ಕಾರ್ಖಾನೆಯಲ್ಲಿ ಕೊಟ್ಟಿರುತ್ತಾರೆ. ಒಣಗಿದಾಗ ಸಂದು ಮತ್ತೆ ತೆರೆದು ಗಾಳಿ ಆಡುತ್ತದೆ.

ಆದ್ದರಿಂದ ಹೊಸ ಕ್ಯಾನ್ವಾಸ್ ಡೇರೆಯನ್ನು ನೇರ ಪ್ರವಾಸಕ್ಕೆ ಒಯ್ಯಬಾರದು, ಮೊದಲು ಮನೆಯಲ್ಲಿ ನೆನೆಸಿ ಪಳಗಿಸಬೇಕು. ಅಂಗಳದಲ್ಲಿ ಹಾಕಿ, ಪೈಪಿನಲ್ಲಿ ಎಲ್ಲ ಕಡೆ ನೀರು ಬಿಟ್ಟು ಒಳಗೆ ಹೋಗಿ ನೋಡಿ. ಚಾವಣಿಯ ಹೊಲಿಗೆಯುದ್ದಕ್ಕೂ, ಸೂಜಿ ಹೊಕ್ಕ ಒಂದೊಂದು ತೂತಿನಲ್ಲೂ ಸಾಸಿವೆ ಗಾತ್ರದ ಹನಿ ಸಾಲಾಗಿ ಕೂತಿರುತ್ತದೆ. ಒಂದೆರಡು ಹನಿ ದಪ್ಪವಾಗಿ ತೊಟ್ಟಿಕ್ಕುತ್ತವೆ. ಗಾಬರಿಯಾಗಬೇಡಿ, ಡೇರೆ ಹಿಂದಿರುಗಿಸಲೂ ಹೋಗಬೇಡಿ. ಪೂರ್ತಿ ಒಣಗಲು ಬಿಟ್ಟು ಮತ್ತೆ ನೆನೆಸಿ. ಎರಡನೆಯ ಸಲ ಹನಿಗಳ ಸಾಲು ಅಲ್ಲಲ್ಲಿ ಮುರಿದಿರುತ್ತದೆ, ಮೂರನೆಯ ಸಲಕ್ಕೆ ಹೆಚ್ಚಿನ ತೂತುಗಳು ಮುಚ್ಚಿರುತ್ತವೆ. ಹೊಲಿಗೆಯ ದಾರದಲ್ಲೂ ಹತ್ತಿ ಇದ್ದರೆ ಅದು ಉಬ್ಬಿ ತೂತನ್ನು ತುಂಬುತ್ತದೆ. ಮೂರು ಸಲವಾದರೂ ತೊಟ್ಟಿಕ್ಕುವ ಜಾಗವಿದ್ದರೆ ಒಣಗಿದ ಮೇಲೆ ಅಲ್ಲಿಗೆ ಮೇಣ ತಿಕ್ಕಬಹುದು.

ಹೊರಗೆ ಮಳೆ ಬರುವಾಗ ಒಳಗಿನಿಂದ ಗೋಡೆಗೆ ಚೀಲ, ಹಾಸಿಗೆ ಒರಗಿಸಬಾರದು ಎನ್ನುವುದಕ್ಕೂ ಕಾರಣವಿದೆ. ಒತ್ತಿ ತಾಗಿಸಿದ ಕಡೆ ನೀರು ಆ ವಸ್ತುವಿನತ್ತ ಹೀರಿಕೊಂಡು ಬಂದು ಒಳಗೆ ಇಳಿಯಲು ಶುರುವಾಗುತ್ತದೆ. ಮಕ್ಕಳಿಗೆ ಇದನ್ನು ಮೊದಲೇ ಹೇಳಿಡಬೇಕು. ಚಾವಣಿಗೆ ಬೆರಳಿಟ್ಟು ಗೆರೆ ಎಳೆಯುವ ಆಟ ಅವರಿಗೆ ಬಲು ಇಷ್ಟ.

ಒಳಗಿನವರೇ ತರುವ ನೀರು

ಮಳೆಯೇ ಇಲ್ಲದ ಡಿಸೆಂಬರ್ ರಾತ್ರಿಯಲ್ಲಿ ನೈಲಾನ್ ಡೇರೆಯೊಳಗೆ ಮಲಗಿದವರು ಬೆಳಿಗ್ಗೆ ‘ಡೇರೆ ಸೋರಿತು’ ಎನ್ನುತ್ತಾರೆ. ಬಹಳ ಸಲ ಅದು ಸೋರಿಕೆಯಲ್ಲ, ಅವರದೇ ಉಸಿರು. ನಿದ್ದೆ ಮಾಡುವ ಒಬ್ಬ ವಯಸ್ಕರಿಂದ ಉಸಿರು, ಚರ್ಮದ ಮೂಲಕ ರಾತ್ರಿಯೊಂದಕ್ಕೆ ಹೆಚ್ಚು ಕಡಿಮೆ ಕಾಲು ಲೀಟರ್ ನೀರು ಆವಿಯಾಗಿ ಹೊರಬರುತ್ತದೆ. ನಾಲ್ಕು ಜನ ಮಲಗಿದರೆ ಒಂದು ಲೀಟರ್. ಆಕಾಶ ಶುಭ್ರವಾಗಿದ್ದ ರಾತ್ರಿ ಡೇರೆಯ ಬಟ್ಟೆ ಹೊರಗಿನ ಗಾಳಿಗಿಂತಲೂ ತಣ್ಣಗಾಗುತ್ತದೆ, ಆವಿ ಅದಕ್ಕೆ ತಾಗಿ ನೀರಾಗುತ್ತದೆ. ಪ್ಲಾಸ್ಟಿಕ್ ಲೇಪದ ಗೋಡೆಯಲ್ಲಿ ಅದಕ್ಕೆ ಹೊರಹೋಗಲು ದಾರಿಯಿಲ್ಲ. ಕ್ಯಾನ್ವಾಸಿನಲ್ಲಿ ಸ್ವಲ್ಪ ಬಟ್ಟೆಯೊಳಗೆ ಹೀರಿ ಹೋಗುತ್ತದೆ, ಸ್ವಲ್ಪ ಸಂದಿನಿಂದ ಹೊರಬೀಳುತ್ತದೆ.

ಇಬ್ಬನಿ ದಟ್ಟವಾಗಿ ಬೀಳುವ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ಶಿರಸಿ ಸಮುದ್ರಮಟ್ಟದಿಂದ ಸುಮಾರು 590 ಮೀಟರ್ ಎತ್ತರದಲ್ಲಿದೆ, ರಾತ್ರಿಯ ಚಳಿ ಕರಾವಳಿಗಿಂತ ಗಟ್ಟಿ. ಹಾಗೆಂದು ಕ್ಯಾನ್ವಾಸ್ ಪವಾಡ ಮಾಡುವುದಿಲ್ಲ. ಚಾವಣಿಯ ಹತ್ತಿರದ ಬಲೆಕಿಟಕಿ ಮುಚ್ಚಿ ಮಲಗಿದರೆ ಅಲ್ಲೂ ಗೋಡೆ ಒದ್ದೆಯೇ.

ಬೂಷ್ಟು, ಉಪ್ಪು ಮತ್ತು ಅಂಗಳ

ಕ್ಯಾನ್ವಾಸಿನ ಆಯುಷ್ಯ ಮುಗಿಸುವುದು ಮಳೆಯಲ್ಲ, ಒದ್ದೆಯಾಗಿ ಮಡಚಿಡುವುದು. ಹತ್ತಿ ಎಂದರೆ ಸೆಲ್ಯುಲೋಸ್, ಸಸ್ಯದ ನಾರು. ಶಿಲೀಂಧ್ರಕ್ಕೆ ಅದು ಆಹಾರ. ಬೂಷ್ಟಿನ ಬೀಜಕಣಗಳು ಗಾಳಿಯಲ್ಲಿ ಎಲ್ಲೆಡೆಯೂ ಇರುತ್ತವೆ, ಅವಕ್ಕೆ ಬೇಕಾದ್ದು ತೇವ ಮತ್ತು ಬೆಚ್ಚನೆಯ ಹವೆ. ಎರಡೂ ನಮ್ಮಲ್ಲಿ ಧಾರಾಳ. ಒದ್ದೆ ಡೇರೆಯನ್ನು ಚೀಲಕ್ಕೆ ತುರುಕಿ ಕಾರಿನ ಡಿಕ್ಕಿಯಲ್ಲಿ ಎರಡು ಮೂರು ದಿನ ಬಿಟ್ಟರೆ ಸಾಕು, ಮೊದಲು ಮುಗ್ಗು ವಾಸನೆ, ಆಮೇಲೆ ಕಾಳುಮೆಣಸಿನ ಪುಡಿ ಚೆಲ್ಲಿದ ಹಾಗೆ ಕಪ್ಪು ಚುಕ್ಕಿ. ಚುಕ್ಕಿ ಒಮ್ಮೆ ಎದ್ದರೆ ತಿಕ್ಕಿದರೂ ಹೋಗುವುದಿಲ್ಲ. ಆ ಜಾಗದ ನೂಲು ಸೊರಗಿ, ಮುಂದೊಂದು ದಿನ ಗಾಳಿಗೆ ಎಳೆದಾಗ ಅಲ್ಲಿಂದಲೇ ಹರಿಯುತ್ತದೆ. ಪಾಲಿಕಾಟನ್ನಿನಲ್ಲೂ ಹತ್ತಿಯ ಪಾಲು ಕೊಳೆಯುತ್ತದೆ. ‘ಬೂಷ್ಟು ನಿರೋಧಕ’ ಎಂಬ ಚೀಟಿ ಇದ್ದರೆ ಸ್ವಲ್ಪ ಸಮಯ ಸಿಗುತ್ತದೆಯೇ ಹೊರತು ಪೂರ್ತಿ ವಿನಾಯಿತಿ ಇಲ್ಲ.

ಕಡಲತೀರದಲ್ಲಿ ಇದರ ಮೇಲೆ ಉಪ್ಪೂ ಸೇರುತ್ತದೆ. ಉಪ್ಪಿಗೆ ಗಾಳಿಯ ತೇವ ಎಳೆದುಕೊಳ್ಳುವ ಗುಣ. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಡಬ್ಬ ನೋಡಿದವರಿಗೆ ಬೇರೆ ವಿವರಣೆ ಬೇಡ. ಓಂ ಬೀಚಿನಲ್ಲೋ ಕಾಸರಕೋಡಿನಲ್ಲೋ ಎರಡು ರಾತ್ರಿ ನಿಂತ ಡೇರೆಯ ಬಟ್ಟೆಯಲ್ಲಿ ಕಣ್ಣಿಗೆ ಕಾಣದಷ್ಟು ಉಪ್ಪು ಕೂತಿರುತ್ತದೆ. ಬಿಸಿಲಿಗೆ ಒಣಗಿಸಿದರೂ ಸಂಜೆ ಮತ್ತೆ ಜಿಗುಟಾಗುತ್ತದೆ. ಮನೆಗೆ ಬಂದವರು ಮೊದಲು ಸಿಹಿನೀರಿನಲ್ಲಿ ಚೆನ್ನಾಗಿ ತೊಳೆದು ಆಮೇಲೆ ಒಣಗಿಸಬೇಕು. ಸಾಬೂನು ಪುಡಿ ಹಾಕಬೇಡಿ, ಅದು ನೀರು ಜಾರಿಸುವ ಲೇಪವನ್ನೇ ತೊಳೆದುಹಾಕುತ್ತದೆ. ಬ್ಲೀಚಿಂಗ್ ಪುಡಿಯಂತೂ ನೂಲನ್ನೇ ತಿನ್ನುತ್ತದೆ. ನೀರು, ಮೆತ್ತನೆಯ ಬ್ರಷ್ಷು, ಅಷ್ಟೇ.

ಒಣಗಿದೆಯೋ ಇಲ್ಲವೋ ಎಂದು ನೋಡಲು ಗೋಡೆಯ ನಡುಭಾಗ ಮುಟ್ಟಿದರೆ ಮೋಸ ಹೋಗುತ್ತೀರಿ, ಅದು ಮೊದಲು ಒಣಗುವ ಜಾಗ. ಗೋಡೆ ನೆಲಹಾಸಿಗೆ ಸೇರುವ ಪಟ್ಟಿ, ಜಿಪ್ಪಿನ ಮೇಲಿನ ಮುಚ್ಚುಪಟ್ಟಿ, ನಾಲ್ಕು ಮೂಲೆಯ ಮೂರು ಪದರದ ಹೊಲಿಗೆಗಳನ್ನು ಅಂಗೈಯ ಹಿಂಬದಿಯಿಂದ ಮುಟ್ಟಿ ನೋಡಿ. ತಣ್ಣಗೆ ಅನ್ನಿಸಿದರೆ ಇನ್ನೂ ತೇವವಿದೆ ಎಂದೇ ಅರ್ಥ.

ಇದಕ್ಕೆ ಜಾಗ ಬೇಕು. ಶಿರಸಿ ಕಡೆಯ ತೋಟದ ಮನೆಗಳಿಗೆ ದೊಡ್ಡ ಅಂಗಳವಿದೆ, ಆದರೆ ಡೇರೆ ಪ್ರವಾಸಕ್ಕೆ ಹದವಾದ ಡಿಸೆಂಬರ್, ಜನವರಿಯಲ್ಲೇ ಅಲ್ಲಿ ಅಡಿಕೆ ಹರವಿರುತ್ತದೆ. ಆಗ ಡೇರೆಗೆ ಜಾಗ ಕೇಳಿದರೆ ಮನೆಯ ಹಿರಿಯರು ಏನೆನ್ನುತ್ತಾರೆ ಎಂಬುದು ಬೇರೆ ಮಾತು. ಕಾರವಾರದ ಅಪಾರ್ಟ್‌ಮೆಂಟಿನವರಿಗೆ ತಾರಸಿ ಸಿಗಬೇಕು. ಎರಡೂ ಇಲ್ಲದವರು, ಭಾನುವಾರ ರಾತ್ರಿ ಬಂದು ಸೋಮವಾರ ಕಚೇರಿಗೆ ಓಡುವವರು, ಎಷ್ಟೇ ಆಸೆಯಿದ್ದರೂ ಕ್ಯಾನ್ವಾಸ್ ಬಿಟ್ಟು ಒಳ್ಳೆಯ ಪಾಲಿಯೆಸ್ಟರ್ ಡೇರೆ ಕೊಳ್ಳುವುದೇ ವಾಸಿ. ಅದನ್ನು ಬಾಲ್ಕನಿಯ ಹಗ್ಗದ ಮೇಲೂ ಒಣಗಿಸಬಹುದು.

ಹಾಗೆಂದು ಪಾಲಿಯೆಸ್ಟರ್ ಡೇರೆ ನಿಶ್ಚಿಂತೆ ಎಂದುಕೊಳ್ಳಬೇಡಿ. ಅದರ ಪಾಲಿಯುರೆಥೇನ್ ಲೇಪ ಸೆಕೆ, ತೇವ ಎರಡೂ ಸೇರಿದಾಗ ನಿಧಾನವಾಗಿ ಒಡೆಯುತ್ತದೆ. ಒಂದೆರಡು ಮಳೆಗಾಲ ಅಟ್ಟದಲ್ಲಿ ಕಟ್ಟಿಟ್ಟ ಡೇರೆಯನ್ನು ಬಿಚ್ಚಿದಾಗ ಒಳಮೈ ಅಂಟಂಟಾಗಿ, ವಾಂತಿಯಂಥ ಹುಳಿ ವಾಸನೆ ಬರುವುದು ಇದೇ ಕಾರಣಕ್ಕೆ. ಬಿಸಿಲು ಕೂಡ ನೈಲಾನನ್ನು ಬೇಗ ಸೊರಗಿಸುತ್ತದೆ. ಚೆನ್ನಾಗಿ ಒಣಗಿಸಿಟ್ಟ ಕ್ಯಾನ್ವಾಸ್ ಇದಕ್ಕಿಂತ ಎಷ್ಟೋ ವರ್ಷ ಹೆಚ್ಚು ಬಾಳುತ್ತದೆ. ಅದಕ್ಕೆ ಕೊಡುವ ಹೆಚ್ಚಿನ ದುಡ್ಡಿಗೆ ಸಮರ್ಥನೆ ಇರುವುದು ಇಲ್ಲಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದಿಡದೆ, ಹತ್ತಿಯ ಚೀಲದಲ್ಲಿ ಸಡಿಲವಾಗಿ, ನೆಲಕ್ಕೆ, ಗೋಡೆಗೆ ತಾಗದಂತೆ ಇಡಬೇಕು. ಒಲೆಯ ಶಾಖ ತಾಗುವ ಮೆತ್ತು (ಅಟ್ಟ) ಇದ್ದರೆ ಒಳ್ಳೆಯದು, ಇಲಿಯ ಕಾಟ ನೋಡಿಕೊಳ್ಳಿ. ಮಳೆ ಹೊಳವಾದ ದಿನ ಒಮ್ಮೆ ಹೊರಗೆ ತೆಗೆದು ಕೊಡವಿ ಮಡಿಕೆ ಬದಲಿಸಿಡಿ.

ಬೇಗ ನಿಲ್ಲುವುದು ಎಂದರೆ ಎಷ್ಟು ಬೇಗ

ದಿನವೂ ಊರು ಬದಲಿಸುವ ಪ್ರವಾಸದಲ್ಲಿ ಡೇರೆ ಬೇಗ ಏಳಬೇಕು, ಬೇಗ ಮಡಚಬೇಕು. ಇಂಥ ಡೇರೆಗಳು ಹೆಚ್ಚು ಬೆಳೆದದ್ದು ಆಸ್ಟ್ರೇಲಿಯಾದಲ್ಲಿ. ಸಾವಿರಾರು ಕಿಲೋಮೀಟರ್ ಕಾರಿನಲ್ಲಿ ಸುತ್ತುವವರಿಗೆಂದೇ ಅಲ್ಲಿ ಟೂರಿಂಗ್ ಟೆಂಟ್ ಎಂಬ ಜಾತಿಯೇ ಇದೆ. ಅಲ್ಲಿನ ಆಜ್‌ಟೆಂಟ್ ಕಂಪನಿಯದು ‘30 ಸೆಕೆಂಡಿನ ಡೇರೆ’ ಎಂದೇ ಹೆಸರಾಗಿದೆ. ಇಂಥ ಸೆಕೆಂಡಿನ ಲೆಕ್ಕ ಚೌಕಟ್ಟು ಬಿಚ್ಚಿಕೊಳ್ಳುವುದಕ್ಕೆ ಮಾತ್ರ. ಗೂಟ ಹೊಡೆಯುವುದು, ಹಗ್ಗ ಕಟ್ಟುವುದು ಅದರ ಮೇಲೆ.

ಹೆಚ್ಚು ಚಾಲ್ತಿಯಲ್ಲಿರುವುದು ಮೂರು ಬಗೆ.

ಮೊದಲನೆಯದು ಒಂಟಿ ಕಂಬದ ಡೇರೆ. ಚೌಕದ ನೆಲಹಾಸು, ನಡುವೆ ಒಂದೇ ಕಂಬ, ಅದರ ತುದಿಯಿಂದ ನಾಲ್ಕೂ ಕಡೆ ಇಳಿಜಾರು. ನೋಡಲು ಸರಳ, ಕೆಲಸವೂ ಸರಳ. ಆದರೆ ಕ್ರಮ ತಪ್ಪಿದರೆ ಸೊಟ್ಟಗೆ ನಿಲ್ಲುತ್ತದೆ. ಮೊದಲು ನೆಲದ ಕಲ್ಲು, ಕಡ್ಡಿ ಆರಿಸಿ ನೆಲಹಾಸು ಹರವಬೇಕು. ಬಾಗಿಲ ಜಿಪ್ಪು ಮುಚ್ಚಿಯೇ ಇರಲಿ. ತೆರೆದಿಟ್ಟು ಗೂಟ ಹೊಡೆದರೆ ಬಾಗಿಲ ಜಾಗ ಅಗಲವಾಗಿ, ಆಮೇಲೆ ಜಿಪ್ಪು ಎಳೆದರೂ ಕೂಡುವುದಿಲ್ಲ. ಒಂದು ಮೂಲೆಗೆ ಗೂಟ ಹೊಡೆದು ಅದರ ಎದುರು ಮೂಲೆಗೆ ಹೋಗಿ ಎಳೆದು ಹೊಡೆಯಬೇಕು, ಆಮೇಲೆ ಉಳಿದೆರಡು. ನೆಲಹಾಸು ಸುಕ್ಕಿಲ್ಲದ ಚೌಕವಾದ ಮೇಲೆ ಒಬ್ಬರು ಕಂಬ ಹಿಡಿದು ಬಗ್ಗಿ ಒಳಗೆ ಹೋಗುತ್ತಾರೆ. ಮೈಮೇಲೆ ಬಿದ್ದ ಬಟ್ಟೆಯನ್ನು ತಲೆಯಿಂದ ತಳ್ಳುತ್ತ, ಕಂಬದ ತುದಿಯನ್ನು ಚಾವಣಿಯ ನಡುವಿನ ಗೂಡಿಗೆ ಕೂರಿಸಿ, ಬುಡವನ್ನು ನಡುವಿಗೆ ಒದ್ದು ತಂದರೆ ಬಟ್ಟೆ ‘ಟಪ್’ ಎಂದು ಬಿಗಿಯುತ್ತದೆ. ಉಳಿದದ್ದು ಬದಿಯ ಹಗ್ಗಗಳು. ಕೈ ಪಳಗಿದ ಇಬ್ಬರಿಗೆ ಹತ್ತು ಹದಿನೈದು ನಿಮಿಷದ ಕೆಲಸ. ಗಾಳಿ ಯಾವ ಕಡೆಯಿಂದ ಬಂದರೂ ಇಳಿಜಾರಿನ ಮೇಲೆ ಜಾರಿ ಹೋಗುತ್ತದೆ. ಮುರಿಯಲು ಇರುವುದೂ ಒಂದೇ ಕಂಬ. ಕೊರತೆಯೆಂದರೆ ಮಲಗುವ ಜಾಗದ ನಟ್ಟನಡುವೆ ಅದು ನಿಂತಿರುತ್ತದೆ.

ಎರಡನೆಯದು ಚೌಕಟ್ಟು ಮೊದಲೇ ಜೋಡಿಸಿದ ಡೇರೆ. ಕಾಲುಗಳು ಬಟ್ಟೆಗೆ ಅಂಟಿಕೊಂಡೇ ಇರುತ್ತವೆ, ಕೊಡೆಯ ಹಾಗೆ ಬಿಚ್ಚಿ ಕಾಲು ಎಳೆದು ಕೊಂಡಿ ಸಿಕ್ಕಿಸಿದರೆ ನಿಂತಿತು. ವೇಗದಲ್ಲಿ ಇದನ್ನು ಮೀರಿಸುವುದು ಬೇರೊಂದಿಲ್ಲ. ಕೀಲುಗಳು ಹೆಚ್ಚು, ಕೆಲವಕ್ಕೆ ಪ್ಲಾಸ್ಟಿಕ್ ಕೀಲು. ಒಂದು ಮುರಿದರೂ ಇಡೀ ಚೌಕಟ್ಟು ಕುಂಟುತ್ತದೆ, ಆ ಬಿಡಿಭಾಗ ಕುಮಟೆಯಲ್ಲಿ ಸಿಗುವ ಮಾತಲ್ಲ. ಕೆಲವು ಮಾದರಿಗಳು ಮಡಚಿದಾಗಲೂ ಸುಮಾರು ಎರಡು ಮೀಟರ್ ಉದ್ದ ಇರುತ್ತವೆ.

ಮೂರನೆಯದು ಬಾಗುವ ಸರಳುಗಳ ಡೇರೆ. ನೆಲಕ್ಕೆ ಬಿಗಿದ ಮೇಲೆ ಚಾವಣಿಯಲ್ಲಿ ಅಡ್ಡ ಸರಳುಗಳನ್ನು ಬಿಲ್ಲಿನಂತೆ ಬಗ್ಗಿಸಿ ಕೂರಿಸುತ್ತಾರೆ, ಕೆಳಗೆ ಎರಡು ಕಂಬ. ಅಮೆರಿಕದಲ್ಲಿ ಇದು ಹೆಚ್ಚು. ಗೋಡೆ ನೆಟ್ಟಗಿರುವುದರಿಂದ ಒಳಗೆ ಜಾಗ ಚೆನ್ನಾಗಿದೆ, ಒಬ್ಬರೇ ನಿಲ್ಲಿಸಬಹುದು, ತೂಕ ಮಾತ್ರ ಜಾಸ್ತಿ.

ಕುಟುಂಬದ ಪ್ರವಾಸಕ್ಕೆ, ಅದೂ ಬಿಡಿಭಾಗ ಸಿಗದ ನಮ್ಮ ಊರಲ್ಲಿ, ಒಂಟಿ ಕಂಬದ್ದೇ ಹೆಚ್ಚು ಹೊಂದುತ್ತದೆ ಎಂದು ನನ್ನ ಅನಿಸಿಕೆ. ಕಂಬ ಕಳೆದುಹೋದರೆ ಯಾವ ವೆಲ್ಡಿಂಗ್ ಅಂಗಡಿಯವರೂ ಕಬ್ಬಿಣದ ಪೈಪು ಕತ್ತರಿಸಿ ಮಾಡಿಕೊಟ್ಟಾರು.

ಮರಳಿನಲ್ಲಿ ನಿಲ್ಲದ ಗೂಟ

ಡೇರೆಯ ಜೊತೆ ಬರುವ ಬೆರಳು ಗಾತ್ರದ ಗೂಟಗಳು ಹುಲ್ಲಿನ ಮೈದಾನಕ್ಕೆ ಮಾಡಿದವು. ಇಲ್ಲಿ ಒಂದೇ ದಿನದ ದಾರಿಯಲ್ಲಿ ಕರಾವಳಿಯ ಸಡಿಲ ಮರಳೂ ಸಿಗುತ್ತದೆ, ಗುಡ್ಡದ ಮೇಲಿನ ಚಿರೆಕಲ್ಲಿನ ಗಟ್ಟಿ ನೆಲವೂ ಸಿಗುತ್ತದೆ. ಎರಡಕ್ಕೂ ಬೇರೆ ಬೇರೆ ತಯಾರಿ ಬೇಕು.

ಮರಳಿಗೆ ಒಂದಡಿಗಿಂತ ಉದ್ದದ, ಅಗಲ ಪಟ್ಟಿಯ ಗೂಟ ಬೇಕು. ಅದೂ ನಿಲ್ಲದಿದ್ದರೆ ಹಳೆಯ ಉಪಾಯವಿದೆ. ಗಟ್ಟಿ ಚೀಲಕ್ಕೆ ಮರಳು ತುಂಬಿ, ಬಾಯಿಗೆ ಹಗ್ಗ ಬಿಗಿದು, ಮೊಣಕಾಲಾಳದ ಗುಂಡಿಯಲ್ಲಿ ಹೂತು ಮೇಲೆ ತುಳಿದರೆ ಎಂಥ ಗಾಳಿಗೂ ಜಗ್ಗುವುದಿಲ್ಲ. ಚಿರೆಕಲ್ಲಿನ ನೆಲಕ್ಕೆ ಹತ್ತು ಮಿಲಿಮೀಟರ್ ದಪ್ಪದ ಉಕ್ಕಿನ ಗೂಟ, ಭಾರದ ಸುತ್ತಿಗೆ ಬೇಕು. ಎಲ್ಲಿ ಹೊಡೆದರೂ ಗೂಟದ ತಲೆ ಡೇರೆಯಿಂದ ಆಚೆಗೆ ವಾಲಿರಬೇಕು.

ಕರಾವಳಿಯಲ್ಲಿ ಮಧ್ಯಾಹ್ನದಿಂದ ಸಂಜೆಯವರೆಗೆ ಗಾಳಿ ಕಡಲಿನಿಂದ ನೆಲದತ್ತ ಬೀಸುತ್ತದೆ, ರಾತ್ರಿ ನಿಧಾನಕ್ಕೆ ನೆಲದಿಂದ ಕಡಲಿನತ್ತ. ಬಲವಾದದ್ದು ಹಗಲಿನದು. ಆದ್ದರಿಂದ ಸಮುದ್ರ ನೋಡುವ ಆಸೆಗೆ ಬಾಗಿಲನ್ನು ನೇರ ಪಶ್ಚಿಮಕ್ಕೆ ಇಟ್ಟರೆ ಸಂಜೆ ಮರಳೆಲ್ಲ ಹಾಸಿಗೆಯಲ್ಲಿ. ಸ್ವಲ್ಪ ಓರೆಯಾಗಿಡಿ. ನೆನೆದಾಗ ಹತ್ತಿ ಬಟ್ಟೆ ಕುಗ್ಗಿ ಬಿಗಿಯುವುದರಿಂದ ಮಲಗುವ ಮುನ್ನ ಹಗ್ಗಗಳನ್ನು ತುಸು ಸಡಿಲಿಸಿದರೆ ಗೂಟ ಕಿತ್ತು ಬರುವುದಿಲ್ಲ, ಹೊಲಿಗೆಯೂ ಬಿಡುವುದಿಲ್ಲ.

ಅಂಗಡಿಯಲ್ಲಿ ಕಣ್ಣು ಹಾಯಿಸಬೇಕಾದ ಜಾಗ

ನೆಲಹಾಸು ಗಟ್ಟಿ ಪಿವಿಸಿಯದಾಗಿರಲಿ, ಅಂಚು ನಾಲ್ಕಾರು ಇಂಚು ಮೇಲಕ್ಕೆ ಎದ್ದು ತೊಟ್ಟಿಯಂತಿರಲಿ. ನೆಲದ ಮಟ್ಟದಲ್ಲೇ ಹೊಲಿಗೆ ಇದ್ದರೆ ಹರಿದು ಬರುವ ನೀರು ಅಲ್ಲಿಂದ ಒಳಗೆ ಬರುತ್ತದೆ.

ಮೂಲೆಗಳನ್ನು ನೋಡಿ. ಗೂಟದ ಉಂಗುರ ಬರಿಯ ಬಟ್ಟೆಗೆ ಹೊಲಿದಿದೆಯೋ, ದಪ್ಪ ಪಟ್ಟಿ ಕೊಟ್ಟು ಅದರ ಮೇಲೆ ಅಡ್ಡಡ್ಡ ಹೊಲಿಗೆ ಹಾಕಿದೆಯೋ? ಗಾಳಿಯ ಎಳೆತವೆಲ್ಲ ಬೀಳುವುದು ಅಲ್ಲಿ. ಚಾವಣಿಯ ಹೊಲಿಗೆಯಲ್ಲಿ ಎರಡು ತುಂಡಿನ ಅಂಚುಗಳನ್ನು ಒಂದರೊಳಗೊಂದು ಮಡಚಿ ಎರಡು ಸಾಲು ಹೊಲಿದಿರಬೇಕು. ಬಟ್ಟೆಯನ್ನು ಬೆಳಕಿಗೆ ಹಿಡಿದರೆ ನೇಯ್ಗೆ ಒಂದೇ ಸಮ ಕಾಣಬೇಕು.

ಜಿಪ್ಪು ದಪ್ಪ ಪ್ಲಾಸ್ಟಿಕ್ ಸುರುಳಿಯದಾದರೆ ಕಡಲ ಉಪ್ಪಿಗೆ ತುಕ್ಕು ಹಿಡಿಯದು, ಆದರೆ ಎಳೆಯುವ ಗುಂಡಿ ಲೋಹದ್ದೇ ಇರುತ್ತದೆ. ಆಗಾಗ ಸಿಹಿನೀರಿನಲ್ಲಿ ತೊಳೆದು ಮೇಣದಬತ್ತಿ ತಿಕ್ಕಿದರೆ ಸುಲಭವಾಗಿ ಓಡುತ್ತದೆ. ಕಂಬ ಕಬ್ಬಿಣದ್ದಾದರೆ ಸತುವಿನ ಲೇಪ ಇರಲೇಬೇಕು, ಅಲ್ಯೂಮಿನಿಯಂ ಆದರೆ ಹಗುರ. ಕಿಟಕಿಯ ಬಲೆ ಬಹಳ ಸಣ್ಣ ಕಣ್ಣಿನದಿರಲಿ, ಸೊಳ್ಳೆ ತಡೆಯುವ ಬಲೆಯೆಲ್ಲ ಹಿನ್ನೀರಿನ ಬದಿಯ ನುಸಿಯನ್ನು ತಡೆಯುವುದಿಲ್ಲ. ಡೇರೆಯೊಳಗೆ ಸೊಳ್ಳೆಬತ್ತಿ ಹಚ್ಚುವ ರೂಢಿ ಬೇಡವೇ ಬೇಡ. ಇದ್ದಿಲು, ಒಲೆಯಂತೂ ಇನ್ನೂ ಅಪಾಯ. ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ಮಲಗಿದವರನ್ನು ಎಬ್ಬಿಸದೆಯೇ ಕೊಲ್ಲುತ್ತದೆ.

ತೂಕ ಕೇಳಲು ಮರೆಯಬೇಡಿ. ನಾಲ್ಕು ಜನ ಮಲಗುವ, ಒಂಬತ್ತು ಅಡಿ ಚೌಕದ ಕ್ಯಾನ್ವಾಸ್ ಡೇರೆ ಕಂಬ, ಗೂಟ ಸೇರಿ ಸಾಮಾನ್ಯವಾಗಿ 20 ಕಿಲೋ ದಾಟುತ್ತದೆ, ನೆನೆದರೆ ಇನ್ನಷ್ಟು. ಕಾರಿನ ಮೇಲೆ ಕಟ್ಟುವವರು ತಮ್ಮ ವಾಹನದ ಕೈಪಿಡಿಯಲ್ಲಿ ಚಾವಣಿಗೆ ಎಷ್ಟು ಭಾರ ಹೇರಬಹುದೆಂದು ನೋಡಲಿ. ದೇವಿಮನೆ, ಅರಬೈಲು ಘಟ್ಟದ ತಿರುವುಗಳಲ್ಲಿ ತಲೆಭಾರದ ಕಾರು ಹೇಗೆ ವಾಲುತ್ತದೆ ಎಂಬುದು ಓಡಿಸಿದವರಿಗೆ ಗೊತ್ತು. ಬೈಕಿನವರಿಗೆ ಕ್ಯಾನ್ವಾಸ್ ಹೇಳಿದ್ದಲ್ಲ.

ಎಲ್ಲಿ ಹಾಕಬಹುದು

ಜಾಗ ಖಾಲಿ ಇದ್ದಲ್ಲೆಲ್ಲ ಡೇರೆ ಹಾಕುವಂತಿಲ್ಲ. ಜಿಲ್ಲೆಯ ಬಹುಭಾಗ ಅರಣ್ಯ. ಕಾಳಿ ಹುಲಿ ಸಂರಕ್ಷಿತ ಪ್ರದೇಶದಲ್ಲಿ ಅರಣ್ಯ ಇಲಾಖೆಯ ಒಪ್ಪಿಗೆಯಿಲ್ಲದೆ ತಂಗುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಜಲಪಾತಗಳ ಹತ್ತಿರವೂ ಹಾಗೇ, ಮೊದಲು ವಿಚಾರಿಸಿ. ಹೋಂಸ್ಟೇಗಳ ಅಂಗಳ, ತೋಟದ ಮಾಲೀಕರು ಒಪ್ಪಿ ಕೊಟ್ಟ ಜಾಗ ನಿಶ್ಚಿಂತೆ.

ತೀರದಲ್ಲಾದರೆ ಉಬ್ಬರದ ಗೆರೆಗಿಂತ ಸಾಕಷ್ಟು ಮೇಲೆ ಹಾಕಬೇಕು. ಒಣಗಿದ ಕಸದ ಸಾಲು ಆ ಗೆರೆಯ ಗುರುತು, ಅಮಾವಾಸ್ಯೆ ಹುಣ್ಣಿಮೆಗೆ ನೀರು ಇನ್ನೂ ಮೇಲೆ ಬರುತ್ತದೆ. ಚಳಿಗಾಲದಲ್ಲಿ ಕಾರವಾರ, ಹೊನ್ನಾವರದ ಮರಳಿಗೆ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆಯಿಡಲು ಬರುತ್ತವೆ. ರಾತ್ರಿ ಪ್ರಖರ ದೀಪ ಕಂಡರೆ ಅವು ಮೊಟ್ಟೆಯಿಡದೆ ಹಿಂದಿರುಗುವುದುಂಟು, ಮರಿಗಳೂ ದಾರಿ ತಪ್ಪುತ್ತವೆ. ಗೂಡಿನ ಸುತ್ತ ಬಲೆ ಕಟ್ಟಿದ್ದರೆ ಆ ಕಡೆ ಸುಳಿಯಬೇಡಿ. ನೆರಳಿಗೆಂದು ತೆಂಗಿನಮರದ ಬುಡ ಆರಿಸುವವರು ಮೊದಲು ತಲೆಯೆತ್ತಿ ಕಾಯಿ, ಒಣಗಿದ ಮಡಲು ನೋಡಬೇಕು. ಗಾಳಿಮರದ ತೋಪು ಚೆನ್ನ, ಬೇರು ತಪ್ಪಿಸಿ ಗೂಟ ಹೊಡೆಯುವುದಷ್ಟೇ ರಗಳೆ.

ಹರಿದರೆ

ನೈಲಾನ್ ಹರಿದರೆ ಅಂಟುಪಟ್ಟಿಯೇ ಗತಿ. ಕ್ಯಾನ್ವಾಸನ್ನು ಹೊಲಿಯಬಹುದು. ಕೊಳ್ಳುವಾಗಲೇ ಅದೇ ಬಟ್ಟೆಯ ಒಂದು ಮೊಳ ತುಂಡು ಕೇಳಿ ಇಟ್ಟುಕೊಳ್ಳಿ. ಜೊತೆಗೆ ಗೋಣಿ ಹೊಲಿಯುವ ದಬ್ಬಳ, ಮೇಣ ತಿಕ್ಕಿದ ದಪ್ಪ ದಾರ ಇದ್ದರೆ ದಾರಿಯಲ್ಲೇ ತೇಪೆ ಹಾಕಬಹುದು. ತೇಪೆಯ ಮೂಲೆಗಳನ್ನು ದುಂಡಗೆ ಕತ್ತರಿಸಿ, ಚೂಪು ಮೂಲೆ ಬೇಗ ಎದ್ದು ಬರುತ್ತದೆ. ಹೊಲಿದ ಜಾಗವನ್ನು ಮತ್ತೆ ಒಮ್ಮೆ ನೆನೆಸಿ ಒಣಗಿಸಬೇಕು, ದಬ್ಬಳದ ತೂತು ದೊಡ್ಡದು. ದೊಡ್ಡ ಹರುಕಾದರೆ ದರ್ಜಿಯ ಮಷಿನ್ನಿಗೆ ಅದು ಜಗ್ಗುವುದಿಲ್ಲ. ರಿಕ್ಷಾ, ಜೀಪುಗಳ ಸೀಟು ಹೊಲಿಯುವ ಕುಶನ್ ಅಂಗಡಿ ಶಿರಸಿಯಲ್ಲೂ ಇದೆ, ಕಾರವಾರದಲ್ಲೂ ಇದೆ. ಅವರ ದಪ್ಪ ಸೂಜಿಯ ಮಷಿನ್ನು ಮೂರು ಪದರ ಕ್ಯಾನ್ವಾಸನ್ನು ಸಲೀಸಾಗಿ ಹೊಲಿಯುತ್ತದೆ. ಒಯ್ಯುವಾಗ ಡೇರೆಯನ್ನು ಕೊಡವಿ ಮರಳು ತೆಗೆದೇ ಒಯ್ಯಿರಿ, ಮರಳು ಹೊಕ್ಕ ಮಷಿನ್ನು ಕೆಟ್ಟರೆ ಎರಡನೆಯ ಸಲ ಅವರು ಮುಟ್ಟುವುದಿಲ್ಲ.